ಕೈಯಲ್ಲಿ ಎತ್ತುವ ಹಿನ್ನೀರು: ಶರಾವತಿ ಕಣಿವೆಯ ಮಾದರಿ ಕಟ್ಟಿದ್ದು ಹೀಗೆ

ಸಾಗರದ ಕಡೆಯ ಒಂದು ಚಿಕ್ಕ ಮ್ಯೂಸಿಯಂನವರಿಗೆ ಶರಾವತಿ ಹಿನ್ನೀರಿನ ಮಾದರಿ ಬೇಕಿತ್ತು. ಸುತ್ತ ಗುಡ್ಡ, ನಡುವೆ ನೀಲಿ ಬಣ್ಣದ ಕೆರೆ, ತುದಿಯಲ್ಲಿ ಲಿಂಗನಮಕ್ಕಿ ಡ್ಯಾಮ್, ಮೇಲೊಂದು ಗಾಜಿನ ಪೆಟ್ಟಿಗೆ. ಅವರು ಕೇಳಿದ್ದು ಇಷ್ಟೇ. ಶಿವಮೊಗ್ಗದಲ್ಲಿ ಓದುವ ನಾವು ಐದು ಜನ ಈ ಕೆಲಸ ಒಪ್ಪಿಕೊಂಡೆವು. ಇಬ್ಬರು ಸಿವಿಲ್, ಇಬ್ಬರು ಮೆಕ್ಯಾನಿಕಲ್, ಒಬ್ಬಳು ಭೂಗೋಳ ಓದುವವಳು.

ಮೊದಲ ಚರ್ಚೆಯಲ್ಲೇ ಒಂದು ಮಾತು ಗಟ್ಟಿಯಾಯಿತು. ಈ ಹಿನ್ನೀರಿನಲ್ಲಿ ನೋಡಬೇಕಾದದ್ದು ನೀರಿನ ಕೆಳಗಿದೆ. ಅದನ್ನು ಮುಚ್ಚಿಟ್ಟು ಮೇಲೆ ನೀಲಿ ಬಳಿದರೆ ಗೋಡೆಗೊಂದು ಫೋಟೋ ಹಾಕಿದ ಹಾಗೆಯೇ. ನೋಡಲು ಬಂದವರು ತಮ್ಮ ಕೈಯಿಂದಲೇ ನೀರು ಇಳಿಸಿ ಕೆಳಗಿನ ನೆಲ ನೋಡಬೇಕು ಅಂತ ತೀರ್ಮಾನ ಮಾಡಿದೆವು.

ಕೆಳಗೆ ಏನಿದೆ ಅಂದರೆ, ಇನ್ನೊಂದು ಅಣೆಕಟ್ಟು. ಹಿರೇಭಾಸ್ಕರ ಅಣೆಕಟ್ಟು. ನಮ್ಮ ಕಡೆ ಮಡೆನೂರು ಡ್ಯಾಮ್ ಅಂತಲೇ ಜಾಸ್ತಿ ಕರೆಯುವುದು. ಜೋಗದ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಸಿಗಲಿ ಅಂತ 1940ರ ದಶಕದಲ್ಲಿ ಅದನ್ನು ಕಟ್ಟಿದರು. 1948ರಲ್ಲಿ ಶುರುವಾದ ಆ ವಿದ್ಯುದಾಗಾರವೇ ಮುಂದೆ ಮಹಾತ್ಮ ಗಾಂಧಿ ಹೆಸರು ಪಡೆಯಿತು. ಅದರ ಮೂಲ ಸಾಮರ್ಥ್ಯ 120 ಮೆಗಾವಾಟ್. ಆಮೇಲೆ 1035 ಮೆಗಾವಾಟ್‌ನ ಶರಾವತಿ ಯೋಜನೆ ಬಂತು. ಅದಕ್ಕೆ ಹಳೆಯ ಜಲಾಶಯ ಎಲ್ಲಿ ಸಾಲಬೇಕು? 1964ರಲ್ಲಿ ಲಿಂಗನಮಕ್ಕಿ ಎದ್ದಿತು. ಹಳೆಯ ಅಣೆಕಟ್ಟು ಹೊಸದರ ಹಿನ್ನೀರಿನಲ್ಲಿ ಮುಳುಗಿತು. ಊರು, ಗದ್ದೆ, ತೋಟ, ದಾರಿ ಎಲ್ಲವೂ ಮುಳುಗಿದವು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಮಡೆನೂರು ಡ್ಯಾಮ್ ಮೇಲೆ ಕಾಣುತ್ತದೆ. ಆಗ ಜನ ನೋಡಲು ಹೋಗುತ್ತಾರೆ. ಉಳಿದ ತಿಂಗಳುಗಳಲ್ಲಿ ಅಲ್ಲಿ ಹಾಗೊಂದು ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

ನೆಲದ ಲೆಕ್ಕ ಸುಲಭವಾಗಿ ಸಿಗುತ್ತದೆ ಅಂದುಕೊಂಡು ಶುರು ಮಾಡುವವರಿಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. ಈಗ ಯಾರು ಬೇಕಾದರೂ ಭೂಮಿಯ ಎತ್ತರದ ಮಾಹಿತಿ ಉಚಿತವಾಗಿ ಇಳಿಸಿಕೊಳ್ಳಬಹುದು. ನಾಸಾದ ಎಸ್‌ಆರ್‌ಟಿಎಂ ಮಾಹಿತಿ ಅದರಲ್ಲೇ ಹೆಸರಾದದ್ದು. ಆದರೆ ಅದನ್ನು ಬಾಹ್ಯಾಕಾಶ ನೌಕೆಯಲ್ಲಿದ್ದ ರೇಡಾರ್ 2000ದ ಫೆಬ್ರವರಿಯಲ್ಲಿ ಅಳೆದದ್ದು. ರೇಡಾರ್ ನೀರಿನ ಒಳಗೆ ಹೋಗುವುದಿಲ್ಲ. ಹಾಗಾಗಿ ಆ ಮಾಹಿತಿಯಲ್ಲಿ ಲಿಂಗನಮಕ್ಕಿ ಹಿನ್ನೀರು ಇರುವಷ್ಟೂ ಜಾಗ ಮಟ್ಟಸವಾಗಿ, ಇಸ್ತ್ರಿ ಹಾಕಿದಂತೆ ಬಿದ್ದಿರುತ್ತದೆ. 2000ಕ್ಕೆ ಮೊದಲೇ ಕೆರೆ, ಜಲಾಶಯ ಇದ್ದ ಯಾವ ಊರಿನ ಮಾದರಿ ಮಾಡಿದರೂ ಇದೇ ಪಾಡು. ನಮಗೆ ಬೇಕಾದ ಕಣಿವೆ ಅದರಲ್ಲಿ ಇರಲೇ ಇಲ್ಲ.

ಇದ್ದದ್ದು ಹಳೆಯ ಕಾಗದದ ನಕ್ಷೆಯಲ್ಲಿ. ಸರ್ವೇ ಆಫ್ ಇಂಡಿಯಾದ ಒಂದು ಮೈಲಿಗೆ ಒಂದು ಇಂಚಿನ ನಕ್ಷೆ, ಹಾಳೆ 48ಜೆ/16, ಅಣೆಕಟ್ಟುಗಳಿಗಿಂತ ಮೊದಲಿನದು. ಅದರಲ್ಲಿ 50 ಅಡಿಗೊಂದು ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ, ಇದೆ. ಹಾಳೆ ಮಡಚಿ ಮಡಚಿ ಮಡಿಕೆಯಲ್ಲಿ ಗೆರೆ ಸವೆದಿತ್ತು. ಅದನ್ನು ಸ್ಕ್ಯಾನ್ ಮಾಡಿಸಿದೆವು. ಕ್ಯೂಜಿಐಎಸ್ ಅನ್ನುವ ನಕ್ಷೆಯ ಸಾಫ್ಟ್‌ವೇರ್‌ನಲ್ಲಿ ಅಕ್ಷಾಂಶ ರೇಖಾಂಶಕ್ಕೆ ಕೂರಿಸಿ, ಒಂದೊಂದೇ ಗೆರೆಯ ಮೇಲೆ ಮೌಸ್ ಓಡಿಸಿ ತಿದ್ದಿದೆವು. ನಮ್ಮ ಭೂಗೋಳದ ಗೆಳತಿ ಈ ಕೆಲಸಕ್ಕೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಮಲೆನಾಡಿನ ಕಣಿವೆಯಲ್ಲಿ ಕಾಂಟೂರ್ ಗೆರೆಗಳು ಒಂದರ ಮೈಮೇಲೆ ಒಂದು ಬಿದ್ದಿರುತ್ತವೆ. ಯಾವ ಗೆರೆ ಯಾವ ಹಳ್ಳದೊಳಗೆ ಹೊಕ್ಕು ಎಲ್ಲಿ ಹೊರಗೆ ಬಂತು ಅಂತ ಬೆನ್ನು ಹತ್ತಬೇಕು. ನೀರಿನ ಮೇಲಿನ ಗುಡ್ಡಗಳಿಗೆ ಮಾತ್ರ ಎಸ್‌ಆರ್‌ಟಿಎಂ ಜೊತೆ ಹೋಲಿಸಿ ನೋಡಿದೆವು. ಎರಡೂ ಚೆನ್ನಾಗಿ ಹೊಂದಿದವು. ಹಳೆಯ ಸರ್ವೇಯವರ ಮೇಲೆ ಗೌರವ ಹೆಚ್ಚಾಯಿತು.

ಮುಂದಿನದು ಅಳತೆ. 24 ಕಿ.ಮೀ. ಉದ್ದ, 18 ಕಿ.ಮೀ. ಅಗಲದ ಜಾಗ ಆರಿಸಿಕೊಂಡು 1:25,000ಕ್ಕೆ ಇಳಿಸಿದೆವು. ಒಂದು ಕಿಲೋಮೀಟರಿಗೆ 4 ಸೆಂಟಿಮೀಟರ್. ಮಾದರಿ 96 ಸೆಂ.ಮೀ. × 72 ಸೆಂ.ಮೀ. ಆಗುತ್ತದೆ, ಒಂದು ಸಾಧಾರಣ ಮೇಜಿನ ಮೇಲೆ ಕೂರುತ್ತದೆ. ತೊಡಕು ಇರುವುದು ಎತ್ತರದಲ್ಲಿ. ಲಿಂಗನಮಕ್ಕಿ ಡ್ಯಾಮಿನ ಎತ್ತರ ಸುಮಾರು 60 ಮೀಟರ್. ಅದೇ ಅಳತೆಗೆ ಇಳಿಸಿದರೆ 2.4 ಮಿಲಿಮೀಟರ್, ಅಂದರೆ ಒಂದು ಅಕ್ಕಿ ಕಾಳಿನಷ್ಟೂ ಉದ್ದವಿಲ್ಲ. 50 ಅಡಿಯ ಒಂದು ಹೆಜ್ಜೆ 0.6 ಮಿ.ಮೀ. ಆಗುತ್ತದೆ. ಬೆರಳಿಗೆ ಸಿಗುವುದೇ ಇಲ್ಲ.

ಹಾಗಾಗಿ ಎತ್ತರವನ್ನು ಮಾತ್ರ 5 ಪಟ್ಟು ಹಿಗ್ಗಿಸಿದೆವು. 50 ಅಡಿ ಅಂದರೆ 15.24 ಮೀಟರ್. 25,000ದ ಐದನೇ ಒಂದು ಭಾಗ 5,000. ಅದರಿಂದ ಭಾಗಿಸಿದರೆ 3.05 ಮಿ.ಮೀ. ಅಂಗಡಿಯಲ್ಲಿ ಸಿಗುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ್ದು) ಹಾಳೆಯೂ 3 ಮಿ.ಮೀ., ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಹಾಳೆಯೂ 3 ಮಿ.ಮೀ. ಒಂದು ಕಾಂಟೂರ್‌ಗೆ ಒಂದು ಹಾಳೆ! ಈ ಲೆಕ್ಕ ಕೂಡಿಬಂದ ಮೇಲೆ ಉಳಿದ ಎಲ್ಲ ವಿನ್ಯಾಸವೂ ಅದರ ಹಿಂದೆ ಬಂತು. ಹೀಗೆ ಹಿಗ್ಗಿಸಿದರೆ ಗುಡ್ಡಗಳು ನಿಜಕ್ಕಿಂತ ಕಡಿದಾಗಿ ಕಾಣುತ್ತವೆ ನಿಜ. ಅದನ್ನು ಮುಚ್ಚಿಡಬಾರದು ಅಂತ ನನ್ನ ಹಟ. ಅಳತೆಪಟ್ಟಿಯ ಪಕ್ಕದಲ್ಲೇ 'ಎತ್ತರ 5 ಪಟ್ಟು ಹಿಗ್ಗಿಸಿದೆ' ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ.

'ಜೋಗ ಇಲ್ವಾ?' ಅಂತ ಮೊದಲ ದಿನದಿಂದ ಕೇಳದವರಿಲ್ಲ. ಇಲ್ಲ. ನಮ್ಮ ಚೌಕಟ್ಟು ಜೋಗಕ್ಕಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಜೋಗ 253 ಮೀಟರ್ ಬೀಳುತ್ತದೆ. ನಮ್ಮ ಅಳತೆಯಲ್ಲಿ ಅದು 5 ಸೆಂ.ಮೀ. ಆ ಒಂದು ಮೂಲೆಗಾಗಿ ಇಡೀ ಮಾದರಿಯ ತಳವನ್ನು 5 ಸೆಂ.ಮೀ. ದಪ್ಪ ಮಾಡಬೇಕಾಗುತ್ತಿತ್ತು. ಆಮೇಲೆ ಎಲ್ಲರ ಕಣ್ಣೂ ಆ ಮೂಲೆಗೇ ಹೋಗುತ್ತಿತ್ತು. ತಂಡದಲ್ಲಿ ಇದರ ಮೇಲೆ ಜೋರು ವಾದವೇ ನಡೆಯಿತು. ಕೊನೆಗೆ ಅಂಚಿನಲ್ಲಿ ಒಂದು ಬಾಣ ಕೆತ್ತಿ 'ಜೋಗದ ಕಡೆಗೆ' ಅಂತ ಬರೆದೆವು.

ನೀರನ್ನು ಹೇಗೆ ತೋರಿಸುವುದು? ನಿಜವಾದ ನೀರನ್ನೇ ತುಂಬಿ ಇಳಿಸೋಣ ಅನ್ನುವುದು ಎಲ್ಲರಿಗೂ ಮೊದಲು ಹೊಳೆದದ್ದು. ಒಂದು ಚಿಕ್ಕ ತುಂಡು ಕಣಿವೆ ಮಾಡಿ ನೀರು ಬಿಟ್ಟು ನೋಡಿದೆವು. ಇಷ್ಟು ಚಿಕ್ಕ ಅಳತೆಯಲ್ಲಿ ನೀರು ಹಿನ್ನೀರಿನ ಹಾಗೆ ನಡೆದುಕೊಳ್ಳುವುದಿಲ್ಲ. ಮೇಲ್ಮೈ ಎಳೆತದಿಂದ ಅಂಚಿನಲ್ಲಿ ಉಬ್ಬಿ ನಿಲ್ಲುತ್ತದೆ, ಸಣ್ಣ ಹಳ್ಳದೊಳಗೆ ಹೋಗುವುದೇ ಇಲ್ಲ. ಒಂದು ಹೆಜ್ಜೆಯೇ 3 ಮಿ.ಮೀ. ಇರುವಾಗ ಆ ಉಬ್ಬೂ ಹೆಚ್ಚುಕಡಿಮೆ ಅಷ್ಟೇ. ಅದರ ಮೇಲೆ ಪಾಚಿ, ಸೊಳ್ಳೆ. ಮ್ಯೂಸಿಯಂನವರು ನೀರಿನ ಮಾತು ಎತ್ತುತ್ತಿದ್ದಂತೆ ಕೈ ಮುಗಿದರು. ಅವರು ಹೇಳಿದ್ದು ಸರಿಯೇ.

ಉತ್ತರ, ಹಾಳೆ ಕತ್ತರಿಸಲು ಲೇಸರ್ ಯಂತ್ರಕ್ಕೆ ಕೊಡುವ ಫೈಲಿನಲ್ಲೇ ಇತ್ತು. ನೆಲದ ಪ್ರತಿ ಹಾಳೆಯಲ್ಲೂ ಕಣಿವೆಯ ಜಾಗದಲ್ಲಿ ಒಂದು ತೂತು ಇರುತ್ತದಲ್ಲ, ಆ ತೂತಿನ ಆಕಾರವೇ ಆ ಮಟ್ಟದ ನೀರು. ಅದೇ ಗೆರೆಯಲ್ಲಿ ತಿಳಿನೀಲಿ ಅಕ್ರಿಲಿಕ್ ಕತ್ತರಿಸಿದರೆ ನೀರಿನ ಹಲಗೆ ಸಿದ್ಧ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅಲ್ಲಿಂದ 1800ಕ್ಕೆ ಒಂದು ತೆಳ್ಳನೆಯ 1 ಮಿ.ಮೀ. ಹಾಳೆ. ಅದರ ಕೆಳಗೆ 1750, 1700, 1650 ಅಡಿಗಳವರೆಗೆ 3 ಮಿ.ಮೀ. ಹಲಗೆಗಳು. ಒಂದೊಂದು ಹಲಗೆ ಎತ್ತಿದಂತೆ ಹಿನ್ನೀರು ಇಳಿಯುತ್ತದೆ. ಇದರಲ್ಲಿ ತಾನಾಗಿಯೇ ಒಂದು ಚೆಂದ ಸೇರಿಕೊಂಡಿತು. ಹಲಗೆ ಒಂದರ ಮೇಲೊಂದು ಕೂತಾಗ ಆಳ ಇದ್ದಲ್ಲಿ ನೀಲಿ ದಟ್ಟವಾಗುತ್ತದೆ, ದಡದಲ್ಲಿ ತಿಳಿಯಾಗಿಯೇ ಉಳಿಯುತ್ತದೆ. ಮುಳುಗಿದ ಹಳೆಯ ನದಿಯ ದಾರಿ ಮೇಲಿನಿಂದಲೇ ಕಡುನೀಲಿ ಗೆರೆಯಾಗಿ ಕಾಣುತ್ತದೆ.

ಭೂಗೋಳದ ಗೆಳತಿ ಇಲ್ಲಿ ಒಂದು ಪ್ರಶ್ನೆ ಹಾಕಿದಳು. 'ಹೀಗೆ ಎತ್ತಿದರೆ 1964ರಿಂದ ನೇರ ಬರಿಯ ನದಿಗೇ ಹೋಗ್ತೀವಿ. ನಡುವಿನ ಕಾಲ ಎಲ್ಲಿ?' ಹೌದಲ್ವಾ! 1948ರಿಂದ 1964ರವರೆಗೆ ಇಲ್ಲಿ ಮಡೆನೂರಿನ ಚಿಕ್ಕ ಜಲಾಶಯ ಮಾತ್ರ ಇತ್ತು. ಅಣೆಕಟ್ಟಿನ ಮೇಲ್ಗಡೆ ನೀರು, ಕೆಳಗಡೆ ಬಯಲು. ಅದನ್ನು ತೋರಿಸಲು ಕೆಳಗಿನ ಎರಡು ಹಲಗೆಗಳನ್ನು ಮಡೆನೂರು ಡ್ಯಾಮಿನ ಗೆರೆಯಲ್ಲೇ ಎರಡು ತುಂಡು ಮಾಡಿದೆವು. ಈಗ ಮೇಲಿನ ಎರಡು ಹಲಗೆ ತೆಗೆದರೆ ಡ್ಯಾಮಿನ ತಲೆ ಕಾಣುತ್ತದೆ. ಆಮೇಲೆ ಡ್ಯಾಮಿನ ಕೆಳಗಿನ ತುಂಡುಗಳನ್ನು ತೆಗೆದರೆ 1950ರ ದಶಕದ ಕಣಿವೆ. ಮೇಲ್ಗಡೆಯ ತುಂಡುಗಳನ್ನೂ ತೆಗೆದರೆ ಯಾವ ಅಣೆಕಟ್ಟೂ ಇಲ್ಲದ ಶರಾವತಿ. ಹಳೆಯ ಜಲಾಶಯದ ಮಟ್ಟ ನಮ್ಮ 50 ಅಡಿಯ ಹೆಜ್ಜೆಗೆ ಕರಾರುವಾಕ್ಕಾಗಿ ಕೂರುವುದಿಲ್ಲ, ಹತ್ತಿರದ ಹೆಜ್ಜೆಗೆ ಹೊಂದಿಸಿದ್ದೇವೆ. ಅದನ್ನೂ ಫಲಕದಲ್ಲಿ ಬರೆದಿದ್ದೇವೆ. ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಒಂದು ಕತ್ತರಿ ಗೆರೆ.

ಕತ್ತರಿಸುವ ಮೊದಲು ಸಾಮಾನಿನ ಬಗ್ಗೆ ಒಂದು ಎಚ್ಚರಿಕೆ. ಮಲೆನಾಡಿನ ಮಳೆಗಾಲಕ್ಕೆ ಸನ್‌ಬೋರ್ಡ್ ಒಳ್ಳೆಯದು, ಉಬ್ಬುವುದಿಲ್ಲ ಅಂತ ಅನ್ನಿಸುವುದು ಸಹಜ. ಆದರೆ ಸನ್‌ಬೋರ್ಡ್ ಅಂದರೆ ಪಿವಿಸಿ. ಅದನ್ನು ಲೇಸರ್‌ಗೆ ಕೊಡಲೇಬಾರದು. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಎದೆಗೂ ಕೆಟ್ಟದ್ದು, ಯಂತ್ರದ ಕಬ್ಬಿಣವನ್ನೂ ತುಕ್ಕು ಹಿಡಿಸುತ್ತದೆ. ನಾವು ನೆಲಕ್ಕೆ ಎಂಡಿಎಫ್, ನೀರಿಗೆ ಅಕ್ರಿಲಿಕ್ ಆರಿಸಿಕೊಂಡೆವು. ಎಂಡಿಎಫ್ ತೇವ ಕುಡಿಯುವುದು ಅದರ ಅಂಚಿನಿಂದ. ಪ್ರತಿ ಅಂಚಿಗೂ ಸ್ಯಾಂಡಿಂಗ್ ಸೀಲರ್ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿದೆವು. ಮೇಲೆ ಬಣ್ಣ. ಒಳಗಡೆ ಕಾಣದ ಜಾಗದಲ್ಲಿ ಹಾಳೆ ಪೂರ್ತಿ ಇರಬೇಕಾಗಿಲ್ಲ, ಮೇಲಿನ ಹಾಳೆಗೆ ಮೂರು ಬೆರಳಗಲ ಆಸರೆ ಸಾಕು. ಹಾಗೆ ಟೊಳ್ಳು ಮಾಡಿದ್ದರಿಂದ ಎಂಡಿಎಫ್ ಖರ್ಚೂ ಉಳಿಯಿತು, ಇಬ್ಬರೇ ಎತ್ತುವಷ್ಟು ಹಗುರವೂ ಆಯಿತು.

ಹಲಗೆ ತೂತಿನಲ್ಲಿ ಸಲೀಸಾಗಿ ಕೂತು ಏಳಬೇಕು. ಲೇಸರ್ ತನ್ನ ದಾರಿಯಲ್ಲಿ ಸುಮಾರು 0.2 ಮಿ.ಮೀ. ತಿಂದುಹಾಕುತ್ತದೆ. ಅಷ್ಟೇ ಸಂದು ಬಿಟ್ಟರೆ ಒಣ ದಿನ ಸರಿ. ಮಳೆ ಹಿಡಿದ ದಿನ ಎಂಡಿಎಫ್ ಸ್ವಲ್ಪ ಊದಿದರೂ ಹಲಗೆ ಕಚ್ಚಿಕೊಳ್ಳುತ್ತದೆ. ಫೈಲಿನಲ್ಲಿ ನೀರಿನ ಗೆರೆಯನ್ನು ಸುತ್ತಲೂ ಅರ್ಧ ಮಿಲಿಮೀಟರ್ ಒಳಗೆ ಎಳೆದೆವು. ಅದು ಸಾಕಾಯಿತು.

ಇನ್ನು ಹಿನ್ನೀರಿನ ಆಕಾರ. ಇದು ದುಂಡನೆಯ ಕೆರೆಯಲ್ಲ. ಪ್ರತಿ ಹಳ್ಳದೊಳಗೂ ಕೈ ಚಾಚಿದೆ, ಗುಡ್ಡದ ತಲೆಗಳೆಲ್ಲ ನಡುಗಡ್ಡೆಗಳಾಗಿ ನಿಂತಿವೆ. ಅಕ್ರಿಲಿಕ್‌ನಲ್ಲಿ ಅಷ್ಟು ಸಪೂರ ಕೈ ಉಳಿಯುವುದಿಲ್ಲ, ಮಕ್ಕಳು ಒಮ್ಮೆ ಒತ್ತಿದರೆ ಲಟಕ್ ಅನ್ನುತ್ತದೆ. 6 ಮಿ.ಮೀ.ಗಿಂತ ಕಿರಿದಾದ ಕೈಗಳನ್ನು, ಅಂದರೆ ನೆಲದ ಮೇಲೆ 150 ಮೀಟರ್‌ಗಿಂತ ಕಿರಿದಾದವುಗಳನ್ನು, ಹಲಗೆಯಿಂದ ಕಳೆದು ಅಲ್ಲಿ ಬರೀ ನೀಲಿ ಬಣ್ಣ ಬಳಿದೆವು. ನಡುಗಡ್ಡೆಗಳದ್ದು ಬೇರೆ ಕಾಟ. ಹಲಗೆಯನ್ನು ಸ್ವಲ್ಪ ಓರೆಯಾಗಿ ಎತ್ತಿದರೂ ನಡುಗಡ್ಡೆಗೆ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ನಡುಗಡ್ಡೆಯ ಮೇಲಂಚನ್ನೂ ಉಪ್ಪುಕಾಗದದಿಂದ ಉಜ್ಜಿ ಇಳಿಜಾರು ಮಾಡಿದೆವು. ಒಂದೇ ಹಿಡಿಯ ಬದಲು ಒಂದು ಹಲಗೆಗೆ ಎರಡು ಹಿಡಿ ಕೊಟ್ಟೆವು. ಎರಡು ಕೈಯಲ್ಲಿ ಹಿಡಿದರೆ ನೇರವಾಗಿಯೇ ಏಳುತ್ತದೆ.

ಹಿಡಿಗಳು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಹಿತ್ತಾಳೆಯವು, ಡ್ರಾಯರ್‌ಗೆ ಹಾಕುವ ಸಣ್ಣವು. ಮೇಲಿನ ಹಲಗೆಗೆ ಕೆಳಗಿನ ಹಿಡಿ ತೂರಲು ತೂತು ಬೇಕಲ್ಲ, ಅದಕ್ಕೆ ಹಿಡಿಗಳ ಜಾಗವನ್ನು ಒಂದೊಂದು ಹಲಗೆಗೆ ಬೇರೆ ಬೇರೆ ಮಾಡಿ ಮೊದಲೇ ಗುರುತು ಹಾಕಿದೆವು. ತೂತುಗಳನ್ನು ಲೇಸರ್‌ನಲ್ಲೇ ಹೊಡೆಸಬೇಕು. ಡ್ರಿಲ್ ಹಾಕಿದರೆ ತುದಿ ಕಚ್ಚಿ ಅಕ್ರಿಲಿಕ್ ಸೀಳುತ್ತದೆ. ಸ್ಕ್ರೂ ಕೆಳಗೆ ರಬ್ಬರ್ ವಾಷರ್ ಹಾಕಿ ಕೈಬಿಗಿಯಷ್ಟೇ ಬಿಗಿಯಬೇಕು.

ಅಕ್ರಿಲಿಕ್ ಬಗ್ಗೆ ಇನ್ನೊಂದು ಮಾತು. ಇದನ್ನು ಬಹಳ ಜನ ಹೇಳುವುದಿಲ್ಲ. ಲೇಸರ್ ಕತ್ತರಿಸಿದ ಅಂಚಿನಲ್ಲಿ ಬಿಸಿಯಿಂದ ಒಳಗೇ ಒಂದು ಬಿಗಿತ ಉಳಿದಿರುತ್ತದೆ. ಅಂಥ ಅಂಚಿಗೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ತಾಗಿದರೆ ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಬಿರುಕುಗಳು ಓಡುತ್ತವೆ. ಒಂದು ಬೇಡದ ತುಂಡಿನ ಮೇಲೆ ಸ್ಯಾನಿಟೈಸರ್ ಹನಿ ಬಿಟ್ಟು ನೋಡಿದೆವು. ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಬೆಳ್ಳಗೆ ನವಿರಾದ ಗೀರುಗಳು ಹೊಳೆಯುತ್ತಿದ್ದವು, ಉಗುರಿಗೆ ಸಿಗುವುದಿಲ್ಲ, ಆದರೆ ಬಗ್ಗಿಸಿದರೆ ಅಲ್ಲೇ ಮುರಿಯಿತು. ಮೇಜಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇವೆ: ಒರೆಸಲು ಸೋಪಿನ ನೀರು, ಮೆತ್ತನೆಯ ಬಟ್ಟೆ, ಬೇರೇನೂ ಬೇಡ.

ಸಿಗಂದೂರಿನ ಸೇತುವೆ ಹಾಕಲೇಬೇಕು ಅನ್ನುವ ಒತ್ತಾಯ ಊರಿನವರಿಂದ ಬಂತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಈ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಹೊಳೆಬಾಗಿಲಿನ ಲಾಂಚ್‌ಗೆ ಕಾದು ನಿಂತವರಿಗೆ ಅದರ ಬೆಲೆ ಗೊತ್ತು. ಆದರೆ ಎರಡು ದಡಕ್ಕೂ ಅಂಟಿಸಿ ಸೇತುವೆ ನಿಲ್ಲಿಸಿದರೆ ಕೆಳಗಿನ ಹಲಗೆ ಎತ್ತುವುದು ಹೇಗೆ? ಮೇಲಿನ ತೆಳ್ಳನೆಯ ಹಾಳೆಯ ಮೇಲೆಯೇ ಸೇತುವೆಯನ್ನು ಗೆರೆಯಾಗಿ, ಲಾಂಚಿನ ದಾರಿಯನ್ನು ಚುಕ್ಕಿಗೆರೆಯಾಗಿ ಕೆತ್ತಿದೆವು.

ಊರ ಹೆಸರುಗಳನ್ನು ಬೇರೆಲ್ಲೂ ಹಾಕದೆ ನೆಲದ ಮೇಲೆಯೇ ಕೆತ್ತಿದೆವು. ಮುಳುಗಿದ ಊರಿನ ಹೆಸರು ಓದಬೇಕಾದರೆ ಅದರ ಮೇಲಿನ ನೀರು ತೆಗೆಯಬೇಕು. ಹಳೆಯ ನಕ್ಷೆಯಲ್ಲಿ ಹೆಸರುಗಳು ಇಂಗ್ಲಿಷ್‌ನಲ್ಲಿವೆ. ಅವನ್ನು ಸರಿಯಾಗಿ ಬರೆಯಲು ಮುಳುಗಡೆಯಲ್ಲಿ ಊರು ಬಿಟ್ಟು ಬಂದ ಕುಟುಂಬಗಳ ಹಿರಿಯರನ್ನು ಕೇಳಿದೆವು. ಒಬ್ಬ ಅಜ್ಜಿ ನಕ್ಷೆಯ ಪ್ರತಿಯ ಮೇಲೆ ಬೆರಳಿಟ್ಟು, 'ಇಲ್ಲಿ ಹಳ್ಳ ದಾಟಿ ಈ ಕಡೆ ಬಂದ್ರೆ ನಮ್ಮ ಗದ್ದೆ ಕಣೋ ಮಗಾ, ದಾರಿ ಹಿಂಗೆ ಸುತ್ತಿ ಬರ್ತಿತ್ತು' ಅಂದರು. ನಾವು ತಿದ್ದಿದ್ದ ದಾರಿ ಸವೆದ ಮಡಿಕೆಯ ಮೇಲೆ ಹಾದಿತ್ತು. ಅವರು ಹೇಳಿದ ತಿರುವು ಕಾಂಟೂರ್‌ಗೂ ಹೊಂದುತ್ತಿತ್ತು. ಹಾಗೆಯೇ ಬದಲಿಸಿದೆವು.

ಕನ್ನಡ ಅಕ್ಷರ ಕೆತ್ತುವಾಗ ಎರಡು ವಿಷಯ. ಲೇಸರ್‌ನ ಸಾಫ್ಟ್‌ವೇರ್ ಒತ್ತಕ್ಷರಗಳನ್ನು ಒಡೆದು ಪಕ್ಕಕ್ಕೆ ಹಾಕುತ್ತದೆ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲೇ ಅಕ್ಷರವನ್ನು ಗೆರೆಯ ಚಿತ್ರವಾಗಿ ಬದಲಿಸಿ ಕೊಟ್ಟರೆ ತೊಂದರೆ ಇಲ್ಲ. ಅಕ್ಷರದ ಎತ್ತರ 5 ಮಿ.ಮೀ.ಗಿಂತ ಕಡಿಮೆಯಾದರೆ ಒತ್ತು ಕರಗಿ ಕಪ್ಪು ಚುಕ್ಕೆಯಾಗುತ್ತದೆ.

ಎರಡೂ ಅಣೆಕಟ್ಟುಗಳನ್ನು ಹಿತ್ತಾಳೆ ಪಟ್ಟಿಯಲ್ಲಿ ಮಾಡಿದೆವು. ಎಷ್ಟು ಜನ ಮುಟ್ಟಿದರೂ ಸವೆಯುವುದಿಲ್ಲ, ಮುಟ್ಟಿದಷ್ಟೂ ಹೊಳಪು. ಗಾಜಿನ ಪೆಟ್ಟಿಗೆ ಬೇಡ ಅಂತ ಮ್ಯೂಸಿಯಂನವರನ್ನು ಒಪ್ಪಿಸಿದ್ದು ಒಂದು ರಟ್ಟಿನ ಮಾದರಿಯಿಂದ. ಅದನ್ನು ಒಂದು ಶಾಲೆಯ ಮಕ್ಕಳ ಮುಂದೆ ಇಟ್ಟು ಅವರನ್ನೂ ಕರೆದಿದ್ದೆವು. ಮಕ್ಕಳು ಹಲಗೆ ತೆಗೆದು, ಮತ್ತೆ ಯಾವುದು ಮೊದಲು ಯಾವುದು ಆಮೇಲೆ ಅಂತ ತಮ್ಮಲ್ಲೇ ಜಗಳವಾಡುತ್ತ ಜೋಡಿಸಿದರು. ಅದನ್ನು ನೋಡಿದ ಮೇಲೆ ಪೆಟ್ಟಿಗೆಯ ಮಾತು ಬರಲಿಲ್ಲ. ಹಲಗೆಗಳು ಕಳೆಯದಂತೆ ಸಪೂರ ಉಕ್ಕಿನ ತಂತಿಯಲ್ಲಿ ಮೇಜಿನ ಅಂಚಿಗೆ ಕಟ್ಟಿದ್ದೇವೆ. ಎತ್ತಿದ ಹಲಗೆ ಇಡಲು ಪಕ್ಕದಲ್ಲೇ ಸಂದು ಕೊರೆದ ಸ್ಟ್ಯಾಂಡ್ ಇದೆ. ಶಿವಮೊಗ್ಗದಿಂದ ಸಾಗರಕ್ಕೆ ಗೂಡ್ಸ್ ಆಟೋದಲ್ಲಿ, ಹಳೆಯ ಹಾಸಿಗೆಯ ಮೇಲೆ ಮಲಗಿಸಿಕೊಂಡು ಒಯ್ದೆವು. ಏನೂ ಆಗಲಿಲ್ಲ.

ಈಗ ಇದರ ಪಕ್ಕಕ್ಕೆ ಎರಡನೆಯ ಮಾದರಿ ನಡೆಯುತ್ತಿದೆ. ಮಡೆನೂರು ಡ್ಯಾಮಿನ ನಿಜವಾದ ವಿಶೇಷ ಅದರ ಸೈಫನ್‌ಗಳು, ಅಂದರೆ ಹೆಚ್ಚಾದ ನೀರನ್ನು ತಾವಾಗಿಯೇ ಎಳೆದು ಹೊರಹಾಕುವ ಕೊಳವೆಗಳು. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ವಿನ್ಯಾಸ. ಗೇಟು ಇಲ್ಲ, ಎತ್ತುವವರು ಬೇಕಿಲ್ಲ. ನೀರು ಪೂರ್ಣ ಮಟ್ಟ ದಾಟಿದರೆ ಗುಮ್ಮಟದ ಕೆಳಗಿನ ಆಲಿಕೆಯ ಅಂಚಿನಿಂದ ಒಳಗೆ ಚೆಲ್ಲುತ್ತದೆ. ಆಲಿಕೆಯ ಒಳಮೈಯಲ್ಲಿ ಸುರುಳಿಯಾಗಿ ಪಟ್ಟಿಗಳಿವೆ. ನೀರು ಅವುಗಳ ಗುಂಟ ಸುತ್ತುತ್ತ ಇಳಿಯುತ್ತದೆ, ಆ ಸುಳಿ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ, ಸೈಫನ್ ಹಿಡಿಯುತ್ತದೆ. ಇದು ನಮ್ಮ 1:25,000ದ ಮಾದರಿಯಲ್ಲಿ ಕಣ್ಣಿಗೇ ಬೀಳದು. ಅದಕ್ಕೇ ಒಂದೇ ಸೈಫನ್ನನ್ನು ದೊಡ್ಡದಾಗಿ, ಪಾರದರ್ಶಕ ಅಕ್ರಿಲಿಕ್ ಕೊಳವೆಯಲ್ಲಿ, ಮೀನಿನ ತೊಟ್ಟಿಯೊಳಗೆ ಮಾಡುತ್ತಿದ್ದೇವೆ. ಇದಕ್ಕೆ ನಿಜವಾದ ನೀರು ಬೇಕೇ ಬೇಕು. ಶಾಲೆಗಳು ಬಂದ ದಿನ ತುಂಬಿಸಿ, ಸಂಜೆ ಖಾಲಿ ಮಾಡುವುದು ಅಂತ ಮಾತಾಗಿದೆ.

ಪಟ್ಟಿ ಇಲ್ಲದ ಆಲಿಕೆಯಲ್ಲಿ ನೀರು ಗೋಡೆಗೆ ಅಂಟಿಕೊಂಡು ಸುಮ್ನೆ ಇಳಿಯುತ್ತದೆ, ನಡುವಿನ ಗಾಳಿ ಅಲ್ಲೇ ಇರುತ್ತದೆ. ಪಟ್ಟಿ ಅಂಟಿಸಿದ ಆಲಿಕೆಯಲ್ಲಿ ಸುಳಿ ಕಟ್ಟುತ್ತದೆ, ಗೊರಗೊರ ಸದ್ದು ಬರುತ್ತದೆ, ಆಮೇಲೆ ಕೊಳವೆ ತುಂಬಿ ನೀರು ಧುಮುಕುತ್ತದೆ. ಎರಡನ್ನೂ ಅಕ್ಕಪಕ್ಕ ಇಡುವ ಯೋಚನೆ ಇದೆ. ಸೈಫನ್ ನಿಲ್ಲಿಸಲು ಪೂರ್ಣ ಮಟ್ಟದಲ್ಲಿ ಗಾಳಿ ಒಳಗೆ ಹೋಗುವ ಕಿಂಡಿ ಬೇಕು, ಇಲ್ಲದಿದ್ದರೆ ತೊಟ್ಟಿಯ ನೀರು ಆ ಮಟ್ಟಕ್ಕಿಂತ ಕೆಳಗೂ ಇಳಿಯುತ್ತಲೇ ಹೋಗುತ್ತದೆ. ಆ ಕಿಂಡಿಯ ಅಳತೆ ಇನ್ನೂ ಕೂಡಿಬಂದಿಲ್ಲ. ದೊಡ್ಡದಾದರೆ ಸೈಫನ್ ಹಿಡಿಯುವುದೇ ಇಲ್ಲ, ಚಿಕ್ಕದಾದರೆ ಬಿಡುವುದು ತಡ. ಈ ವಾರ ಬೇರೆ ಬೇರೆ ತೂತಿನ ಮುಚ್ಚಳಗಳನ್ನು ಕತ್ತರಿಸಿ ಒಂದೊಂದಾಗಿ ಹಾಕಿ ನೋಡುತ್ತಿದ್ದೇವೆ.